ಒಂದೇ ಮನೆಯ ಇಬ್ಬರನ್ನು ಮಾತಾಡಿಸುವ ಮುನ್ನ

ನವನಗರ, ಬಾಗಲಕೋಟೆ

ಪ್ರೀತಿಯ ತಂಗಿ,

ನಿನ್ನ ಪತ್ರವೂ ಅದರ ಜೊತೆಗಿದ್ದ ನಲವತ್ತು ಪ್ರಶ್ನೆಗಳ ಪಟ್ಟಿಯೂ ತಲುಪಿದವು. ಊರೂರಿನ ಮಠಗಳಲ್ಲಿ ಪ್ರವಚನ ಹೇಳುವ ಅಕ್ಕನನ್ನೂ, ದೇವರೆಂಬುದೇ ಇಲ್ಲವೆಂದು ಮೂವತ್ತು ವರ್ಷಗಳಿಂದ ಬರೆಯುತ್ತ ಬಂದಿರುವ ಆಕೆಯ ತಮ್ಮನನ್ನೂ ಒಂದೇ ಲೇಖನದಲ್ಲಿ ಮಾತಾಡಿಸಬೇಕೆಂಬ ನಿನ್ನ ಹಂಬಲ ನನಗೆ ಹಿಡಿಸಿತು. ಪಟ್ಟಿ ಹಿಡಿಸಲಿಲ್ಲ. ಅದರ ಮೊದಲ ಪ್ರಶ್ನೆ ‘ದೇವರು ಇದ್ದಾನೆಯೇ?’ ಎಂದಿದೆ. ಅದಕ್ಕೆ ಅಕ್ಕನವರು ನೂರು ವೇದಿಕೆಗಳ ಮೇಲೆ ಉತ್ತರ ಕೊಟ್ಟಿದ್ದಾರೆ, ತಮ್ಮನವರು ನೂರು ಲೇಖನಗಳಲ್ಲಿ ಕೊಟ್ಟಿದ್ದಾರೆ. ನೀನು ಕೇಳಿದರೆ ಬಾಯಿಪಾಠದ ಮಗ್ಗಿಯಂತೆ ಅವೇ ಉತ್ತರಗಳನ್ನು ಇನ್ನೊಮ್ಮೆ ಒಪ್ಪಿಸುತ್ತಾರೆ, ನೀನು ಬರೆದುಕೊಳ್ಳುತ್ತೀ, ಓದುವವರು ಎರಡನೆಯ ಪ್ಯಾರಾದಲ್ಲೇ ಪುಟ ತಿರುವುತ್ತಾರೆ.

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ನಂಬಿಕೆಯ ವಿಷಯದಲ್ಲಿ ಬೇರೆ ಬೇರೆ ದಾರಿ ಹಿಡಿದು, ಆ ಕಾರಣಕ್ಕೇ ಜಗತ್ತಿಗೆ ಪರಿಚಿತರಾದವರಲ್ಲಿ ನಮ್ಮ ಕಾಲಕ್ಕೆ ಹತ್ತಿರದವರು ಇಂಗ್ಲೆಂಡಿನ ಹಿಚೆನ್ಸ್ ಸಹೋದರರು. ಅಣ್ಣ ಕ್ರಿಸ್ಟೋಫರ್ 1949ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಹುಟ್ಟಿದವನು, ತಮ್ಮ ಪೀಟರ್ 1951ರಲ್ಲಿ ಮಾಲ್ಟಾ ದ್ವೀಪದಲ್ಲಿ. ತಂದೆ ನೌಕಾಪಡೆಯ ಅಧಿಕಾರಿ. ಇಬ್ಬರೂ ಪತ್ರಕರ್ತರಾದರು, ಅಣ್ಣ 2007ರಲ್ಲಿ ದೇವರ ವಿರುದ್ಧ ಒಂದು ಪುಸ್ತಕ ಬರೆದು ಮನೆಮಾತಾದ, ತಮ್ಮ 2010ರಲ್ಲಿ ತಾನು ನಂಬಿಕೆಗೆ ಮರಳಿದ ಬಗೆಯನ್ನು ಹೇಳುವ ಇನ್ನೊಂದನ್ನು ಬರೆದ. ಇಷ್ಟು ಸಂಗತಿ ಯಾರಿಗಾದರೂ ಸಿಗುತ್ತದೆ. ನನ್ನ ತಲೆಯಲ್ಲಿ ಇಷ್ಟು ವರ್ಷ ಉಳಿದಿರುವುದು ಬೇರೆ ಒಂದು ಸಂಗತಿ. ಹುಡುಗರಾಗಿದ್ದಾಗ ಇವರ ಜಗಳ ತಾಳಲಾರದೆ ತಂದೆ ಇಬ್ಬರಿಂದಲೂ ಒಂದು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿಸಿ, ಅದಕ್ಕೆ ಕೆಂಪು ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿದ್ದರಂತೆ. ಕೆಲವು ಕಾಲದ ಮೇಲೆ ಅದನ್ನು ಚೌಕಟ್ಟಿನಿಂದ ಕಿತ್ತು ತನ್ನ ಸಹಿಯನ್ನು ಅಳಿಸಿ ಮತ್ತೆ ಜಗಳಕ್ಕೆ ನಿಂತವನು ತಾನೇ ಎಂದು ಪೀಟರ್ ನಾಚಿಕೆಯಿಂದ ಬರೆದುಕೊಂಡಿದ್ದಾನೆ. ಮುಂದೆ ದೇವರ ಪಕ್ಷ ವಹಿಸಿದವನು ಅಂದು ಒಪ್ಪಂದ ಮುರಿದವನು ಎಂಬುದನ್ನು ಗಮನಿಸು. ಗಮನಿಸಿ ಸುಮ್ಮನಿರು, ಅದರಿಂದ ಸಿದ್ಧಾಂತ ಕಟ್ಟಬೇಡ.

ಇದೇ ಪೀಟರ್ 1967ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಕೇಂಬ್ರಿಜ್‌ನ ತನ್ನ ವಸತಿಶಾಲೆಯ ಮೈದಾನದಲ್ಲಿ ಬೈಬಲ್ ಸುಟ್ಟವನು. ಅದು ತಾನು ಅಂದುಕೊಂಡಂತೆ ಭಗ್ಗನೆ ಹತ್ತಿ ಉರಿಯಲಿಲ್ಲ ಎಂದೂ ಅವನೇ ಹೇಳಿದ್ದಾನೆ. ‘ನೀವು ನಂಬಿಕೆಯನ್ನು ಏಕೆ ಬಿಟ್ಟಿರಿ?’ ಎಂದು ಕೇಳಿದರೆ ಒಂದು ಭಾಷಣ ಸಿಗುತ್ತದೆ. ‘ಅದು ಹೇಗೆ ಉರಿಯಿತು?’ ಎಂದು ಕೇಳಿದರೆ ಒಬ್ಬ ಹುಡುಗ, ಒದ್ದೆ ಹುಲ್ಲು, ಹತ್ತಲೊಲ್ಲದ ಕಾಗದ ಎಲ್ಲ ಕಣ್ಣೆದುರು ಬರುತ್ತವೆ. (ಒದ್ದೆ ಹುಲ್ಲು ನನ್ನ ಊಹೆ; ಇಂಥದ್ದನ್ನು ನೀನು ಊಹಿಸಿ ಬರೆಯಬಾರದು, ಕೇಳಿಯೇ ಬರೆಯಬೇಕು.)

ಈಗ ನನ್ನ ತಪ್ಪಿನ ಕಥೆ ಹೇಳುತ್ತೇನೆ, ಏಕೆಂದರೆ ನಿನ್ನ ಪಟ್ಟಿಯಲ್ಲಿ ಅದೇ ತಪ್ಪು ಎರಡು ಕಡೆ ಮೊಳಕೆಯೊಡೆದಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಕೆಳಗಿನ ಓಣಿಗಳು ಮುಳುಗಡೆಯಾಗಿ ಜನ ನವನಗರಕ್ಕೆ ಬಂದ ಕಾಲದಲ್ಲಿ ನಾನು ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಬರೆಯುತ್ತಿದ್ದೆ. ಇಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ವಕೀಲರು, ವಿಚಾರವಾದಿಗಳ ಸಭೆಗಳಲ್ಲಿ ಮಾತಾಡುವವರು. ತಮ್ಮ ನವರಾತ್ರಿಯಲ್ಲಿ ದೇವಿ ಪುರಾಣ ಹೇಳುವವರು, ಅವರ ಪುರಾಣ ಮಂಗಲದ ದಿನ ಸುತ್ತಲ ಹತ್ತು ಹಳ್ಳಿಯ ಜನ ಸೇರುತ್ತಿದ್ದರು. ಹಿರಿಯರ ಮನೆ ಖಾಲಿ ಮಾಡುವ ದಿನ ತಮ್ಮ ಪರವೂರಿನಲ್ಲಿದ್ದ ಕಾರಣ ಅಣ್ಣನೇ ದೇವರ ಜಗಲಿಯ ಮೇಲಿನ ಹಿತ್ತಾಳೆಯ ಬನಶಂಕರಿಯನ್ನೂ ಬಸವಣ್ಣನನ್ನೂ ತೀರಿಹೋದ ತಾಯಿಯ ಇಳಕಲ್ ಸೀರೆಯಲ್ಲಿ ಸುತ್ತಿ, ಟ್ರ್ಯಾಕ್ಟರಿನಲ್ಲಿ ಡ್ರೈವರನ ಪಕ್ಕ ಕುಳಿತು ತೊಡೆಯ ಮೇಲಿಟ್ಟುಕೊಂಡು ನವನಗರಕ್ಕೆ ತಂದರು. ಇದನ್ನು ಅವರೇ ನನಗೆ ಚಹಾ ಕುಡಿಯುತ್ತ ಹೇಳಿದ್ದು. ನನಗೆ ನಿಧಿ ಸಿಕ್ಕಂತಾಯಿತು. ‘ನಾಸ್ತಿಕನ ಮಡಿಲಲ್ಲಿ ದೇವರು’ ಎಂದು ತಲೆಬರಹ ಕೊಟ್ಟು, ಎಷ್ಟಾದರೂ ಒಳಗೊಳಗೆ ಅವರಿಗೂ ಭಕ್ತಿ ಇದೆ ಎಂಬ ಧ್ವನಿ ಬರುವಂತೆ ಬರೆದೆ.

ಸೋಮವಾರ ಬೆಳಿಗ್ಗೆ ವಕೀಲರು ಕಚೇರಿಗೆ ಬಂದರು. ಕೂಗಾಡಲಿಲ್ಲ. ಪುರವಣಿಯನ್ನು ಮೇಜಿನ ಮೇಲೆ ಹರಡಿ, ಆ ತಲೆಬರಹದ ಮೇಲೆ ಬೆರಳಿಟ್ಟು, “ನಾ ಒಯ್ದದ್ದು ಅವ್ವನ ಸಾಮಾನ್ರೀ, ದೇವರನ್ನಲ್ಲ. ಆಕಿ ದಿನಾ ಹುಣಸಿಹಣ್ಣ ಹಚ್ಚಿ ತಿಕ್ಕಿದ ಹಿತ್ತಾಳಿ ಅದು” ಎಂದರು. ನಾನು ಏನೋ ಸಮಜಾಯಿಷಿ ಹೇಳಲು ಹೋದಾಗ, “ನನ್ನ ಮಾತು ನಿಮಗ ಸುಳ್ಳ ಅನಿಸಿದ್ರ ಹಂಗ ಬರೀರಿ, ಆದ್ರ ನನ್ನ ಬಾಯಾಗ ನಿಮ್ಮ ಮಾತು ಇಡಬ್ಯಾಡ್ರಿ” ಎಂದು ಎದ್ದು ಹೋದರು.

ತಪ್ಪು ಅಷ್ಟಕ್ಕೇ ನಿಂತಿರಲಿಲ್ಲ. ತಮ್ಮನವರಿಗೆ ಫೋನ್ ಮಾಡಿದಾಗ, ಮಾತು ಬಿಸಿಯಾಗಲಿ ಎಂದು, ‘ಪುರಾಣ ಹೇಳುವುದು ಹೊಟ್ಟೆಪಾಡು ಎನ್ನುತ್ತಾರಲ್ಲ ನಿಮ್ಮ ಅಣ್ಣಾರು’ ಎಂದಿದ್ದೆ. ವಕೀಲರು ಆ ಮಾತನ್ನು ಪುರಾಣ ಹೇಳುವವರೆಲ್ಲರ ಬಗ್ಗೆ, ಅದೂ ಅರ್ಧ ನಗುತ್ತ ಆಡಿದ್ದರು. ಫೋನಿನಲ್ಲಿ ನಗು ದಾಟಲಿಲ್ಲ. ತಮ್ಮನವರು ಕೊಟ್ಟ ಕಟು ಉತ್ತರವೂ ಅಚ್ಚಾಯಿತು. ಆ ಮೇಲೆ ಎರಡು ವರ್ಷ ಆ ಎರಡು ಮನೆಗಳ ನಡುವೆ ಹಬ್ಬದ ಹೋಳಿಗೆಯ ಡಬ್ಬಿ ಓಡಾಡಲಿಲ್ಲ. ಅವರು ಮತ್ತೆ ಒಂದಾದದ್ದರಲ್ಲಿ ನನ್ನ ಪಾತ್ರವೇನೂ ಇಲ್ಲ. ಯಾವುದೋ ಮದುವೆಯಲ್ಲಿ ಹೆಣ್ಣುಮಕ್ಕಳು ಸೇರಿ ಅದನ್ನು ಸರಿಪಡಿಸಿದರು.

ಅದಕ್ಕಾಗಿಯೇ ಹೇಳುತ್ತಿದ್ದೇನೆ: ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಕೆಲಸ ನಿನ್ನದಲ್ಲ. ಉತ್ತರ ಬೇಕೇಬೇಕಾದ ಆರೋಪವಿದ್ದರೆ ಆಡಿದವರ ಪೂರ್ತಿ ವಾಕ್ಯವನ್ನು ಬರಹದಲ್ಲಿ ತೋರಿಸಿ ಕೇಳು. ಉಳಿದದ್ದನ್ನು ಕೇಳಿಸಿಕೊಂಡು ನಿನ್ನಲ್ಲೇ ಇಟ್ಟುಕೋ. ಹಾಗೆಯೇ, ನಂಬದವನ ಒಂದು ಮೃದುವಾದ ನಡತೆಯನ್ನು ಮುಚ್ಚಿಟ್ಟ ಭಕ್ತಿಯೆಂದೂ, ನಂಬಿದವಳ ಒಂದು ಕ್ಷಣದ ಸಂಶಯವನ್ನು ಬಯಲಾದ ನಾಸ್ತಿಕತನವೆಂದೂ ಓದಬೇಡ. ನಿನ್ನ ಹನ್ನೆರಡನೆಯ ಪ್ರಶ್ನೆ, ‘ತಂದೆ ತೀರಿದಾಗ ನೀವೂ ಮಂತ್ರ ಹೇಳಿದಿರಂತೆ, ಹಾಗಾದರೆ ಒಳಗೆ ನಂಬಿಕೆ ಇದೆಯಲ್ಲವೇ?’ ಎಂಬುದು ಇದೇ ಜಾತಿಯದು. ಕ್ರಿಸ್ಟೋಫರ್ ತನ್ನ ತಂದೆಯ ಅಂತ್ಯಕ್ರಿಯೆಯಲ್ಲಿ ಬೈಬಲ್ಲಿನಿಂದ, ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಎಂಟನೆಯ ವಚನವನ್ನು ಓದಿದ್ದ. 2011ರ ಡಿಸೆಂಬರ್ 15ರಂದು ಅವನೇ ತೀರಿಕೊಂಡು, ಮುಂದಿನ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಸ್ಮರಣ ಸಭೆ ನಡೆದಾಗ ತಮ್ಮ ಎದ್ದು ನಿಂತು ಅದೇ ವಚನವನ್ನು ಓದಿದ. ಸತ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು ಯಾವುದಿದೆಯೋ ಅದನ್ನು ನೆನೆಯಿರಿ ಎನ್ನುವ ವಚನ ಅದು. ಅದರಲ್ಲಿ ದೇವರ ಹೆಸರೇ ಇಲ್ಲ. ಇದರಿಂದ ಅಣ್ಣ ಕೊನೆಗೆ ಸೋತನೆಂದಾಗಲಿ ತಮ್ಮ ಸಡಿಲಾದನೆಂದಾಗಲಿ ಹೇಳುವವರು ನನ್ನ ಹಳೆಯ ತಲೆಬರಹವನ್ನೇ ಮತ್ತೆ ಬರೆಯುತ್ತಿದ್ದಾರೆ.

ಇನ್ನು ಅವರ ವಾದದ ವಿಷಯ. ಮನೆಯ ಕಥೆ ಕೇಳು ಎಂದೆನೆಂದು ವಾದವನ್ನು ಕಡೆಗಣಿಸಬೇಡ. ಅಕ್ಕ ಹಾಗಾದದ್ದು ಹಿರಿಯಳಾದ್ದರಿಂದ, ತಮ್ಮ ಹೀಗಾದದ್ದು ಅಕ್ಕನ ಮೇಲಿನ ಹಟದಿಂದ ಎಂದು ವಿವರಿಸಿ ಮುಗಿಸುವುದು ಇಬ್ಬರ ಬುದ್ಧಿಗೂ ಮಾಡುವ ಅವಮಾನ. ಎರಡೂ ಕಡೆಯ ಬರಹಗಳನ್ನು ಪೂರ್ತಿ ಓದಿಕೊಂಡು ಹೋಗು, ಮತ್ತು ಅವರು ನಿಜಕ್ಕೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆಯೇ ಎಂದು ನೋಡು. ಹಿಚೆನ್ಸ್ ಸಹೋದರರು ಬಹುಪಾಲು ಕೊಡುತ್ತಿರಲಿಲ್ಲ. ದೇವರಿಲ್ಲ ಎನ್ನುವುದಷ್ಟೇ ಕ್ರಿಸ್ಟೋಫರನ ನಿಲುವಾಗಿರಲಿಲ್ಲ; ಸದಾ ಕಣ್ಣಿಟ್ಟು ಕಾಯುವ ಒಡೆಯನೊಬ್ಬ ಇಲ್ಲದಿರುವುದೇ ಒಳ್ಳೆಯದು ಎಂಬುದು ಅವನ ವಾದ, ಆದ್ದರಿಂದಲೇ ತನ್ನನ್ನು ನಾಸ್ತಿಕ ಎನ್ನುವುದಕ್ಕಿಂತ ದೈವವಿರೋಧಿ ಎಂದು ಕರೆದುಕೊಂಡ. ಪೀಟರನಾದರೋ 1990ರಿಂದ 1992ರವರೆಗೆ ಮಾಸ್ಕೋದಲ್ಲಿ ವರದಿಗಾರನಾಗಿದ್ದು, ದೇವರನ್ನು ಹೊರಗಟ್ಟಿದ ಸಮಾಜ ಏನಾಗುತ್ತದೆ ಎಂಬುದನ್ನು ಅಲ್ಲಿ ಕಂಡೆನೆಂದು ಹೇಳುವವನು. ಒಬ್ಬನದು ಧರ್ಮ ಇದ್ದರೆ ಆಗುವ ಕೇಡಿನ ಲೆಕ್ಕ, ಇನ್ನೊಬ್ಬನದು ಹೋದರೆ ಆಗುವ ಕೇಡಿನ ಲೆಕ್ಕ. ಯೌವನದಲ್ಲಿ ಇಬ್ಬರೂ ಟ್ರಾಟ್‌ಸ್ಕಿವಾದಿಗಳಾಗಿದ್ದರು, ಅಂದರೆ ರಷ್ಯದ ಕ್ರಾಂತಿಕಾರಿ ಟ್ರಾಟ್‌ಸ್ಕಿಯ ಹಾದಿ ಹಿಡಿದ ಕಮ್ಯುನಿಸ್ಟರಾಗಿದ್ದರು, ಎಂಬುದನ್ನೂ ಮರೆಯಬೇಡ. ಅಂದರೆ ದಾರಿ ಕವಲೊಡೆದದ್ದು ತೊಟ್ಟಿಲಲ್ಲಲ್ಲ. ‘ಏಕೆ’ ಎಂಬುದಕ್ಕಿಂತ ‘ಯಾವಾಗ’, ‘ಯಾವ ಊರಿನಲ್ಲಿ’ ಎಂಬ ಪ್ರಶ್ನೆಗಳು ಇಂಥಲ್ಲಿ ಹೆಚ್ಚು ಕೆಲಸ ಮಾಡುತ್ತವೆ.

ನಮ್ಮ ಕಡೆ ಇನ್ನೂ ಒಂದು ತೊಡಕಿದೆ. ಬಸವನ ಬಾಗೇವಾಡಿಯೂ ಕೂಡಲಸಂಗಮವೂ ಇರುವ ಈ ಸೀಮೆಯಲ್ಲಿ ‘ನಾನು ಗುಡಿಗೆ ಹೋಗುವುದಿಲ್ಲ’ ಎಂದವರೆಲ್ಲ ನಾಸ್ತಿಕರಲ್ಲ. ಸ್ಥಾವರವನ್ನು ಒಲ್ಲದೆ ಇಷ್ಟಲಿಂಗವನ್ನು ಕೊರಳಲ್ಲಿ ಕಟ್ಟಿಕೊಂಡವರ ಪರಂಪರೆಯೇ ಇಲ್ಲಿದೆ. ಆ ಪರಂಪರೆಯ ಕಥೆಯಲ್ಲಿ ಅಕ್ಕ ನಾಗಮ್ಮನೂ ತಮ್ಮ ಬಸವಣ್ಣನೂ ಒಂದೇ ಕಡೆ ನಿಂತವರು, ಎದುರಾದದ್ದು ಹೆತ್ತ ಮನೆಯ ಆಚಾರಕ್ಕೆ. ಆದ್ದರಿಂದ ನಿನ್ನ ಅಕ್ಕ-ತಮ್ಮಂದಿರಿಬ್ಬರಿಗೂ, ದೇವರು ಎಂದಾಗ ಅವರು ಯಾವುದನ್ನು ಹೇಳುತ್ತಿದ್ದಾರೆ, ಜಾತ್ರೆಯ ಮೂರ್ತಿಯನ್ನೋ, ಗುರುವನ್ನೋ, ಅರಿವನ್ನೋ, ಅದನ್ನು ಮೊದಲು ಬಿಡಿಸಿ ಹೇಳಲು ಕೇಳು. ಅಕ್ಕ ಒಪ್ಪುವ ದೇವರೇ ಬೇರೆ, ತಮ್ಮ ಅಲ್ಲಗಳೆಯುವ ದೇವರೇ ಬೇರೆ ಎಂದು ಗೊತ್ತಾದರೆ ನಿನ್ನ ಲೇಖನದ ಅರ್ಧ ಭಾಗ ಅದೇ ಆಗುತ್ತದೆ.

ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಸಬೇಕೇ ಎಂದು ಕೇಳಿದ್ದೀ. ಮೊದಲು ಬೇಡ. ಬೇರೆ ಬೇರೆ ದಿನ, ಅವರವರ ಮನೆಯಲ್ಲಿ, ಅವೇ ಪ್ರಶ್ನೆಗಳನ್ನು ಅವೇ ಮಾತುಗಳಲ್ಲಿ ಕೇಳು. ಗೋಳಗುಮ್ಮಟದ ಊರಿನವಳಾದ ನಿನಗೆ ಹೇಳಬೇಕಾಗಿಲ್ಲ, ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ್ದು ಎದುರು ಬದಿಯವರಿಗೆ ಕೇಳುತ್ತದೆ, ಶಾಲೆಯ ಪ್ರವಾಸದ ಹುಡುಗರು ಒಟ್ಟಿಗೆ ಕೂಗಿದರೆ ಮಾತೇ ಉಳಿಯುವುದಿಲ್ಲ. ಜನರ ಮುಂದೆ ಕೂಡಿಸಿದಾಗ ಇಬ್ಬರೂ ಚಪ್ಪಾಳೆಯ ಕಡೆಗೆ ವಾಲುತ್ತಾರೆ. 2008ರ ಏಪ್ರಿಲ್ 3ರಂದು ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಹಿಚೆನ್ಸ್ ಸಹೋದರರನ್ನು ದೊಡ್ಡ ಸಭೆಯ ಎದುರು ವಾದಕ್ಕೆ ನಿಲ್ಲಿಸಿದ್ದರು. ತನ್ನ ಪಾಲಿಗೆ ಹಳೆಯ ಜಗಳ ಆ ರಾತ್ರಿಯೇ ಮುಗಿಯಿತು ಎಂದು ಪೀಟರ್ ಆಮೇಲೆ ಬರೆದ. ಗೆದ್ದವರು ಯಾರು ಎಂಬುದು ಅಲ್ಲಿ ಅವನಿಗೆ ಮುಖ್ಯವಾಗಿರಲಿಲ್ಲ. ಅದಕ್ಕೆ ಕೆಲವೇ ದಿನ ಮುಂಚೆ ಅಣ್ಣ ತನಗಾಗಿ ತಾನೇ ಅಡಿಗೆ ಮಾಡಿ ಉಣಬಡಿಸಿದ್ದನ್ನು ಅವನು ಬೆರಗಿನಿಂದ ನೆನೆಯುತ್ತಾನೆ. ವೇದಿಕೆಯ ಮೊದಲ ಸಾಲಿನಲ್ಲಿ ಕುಳಿತ ವರದಿಗಾರನಿಗೆ ಆ ಊಟದ ಸುದ್ದಿ ಸಿಗುತ್ತಿರಲಿಲ್ಲ.

ಇಬ್ಬರ ನೆನಪುಗಳು ತಾಳೆಯಾಗದಿದ್ದರೆ ನೀನು ಪಂಚಾಯಿತಿ ಮಾಡಬೇಡ, ಎರಡನ್ನೂ ಹಾಗೆಯೇ ಹಾಕು. ತಾರೀಖು, ಊರು, ಶಾಲೆಯಂಥವನ್ನು ಮಾತ್ರ ದಾಖಲೆ ನೋಡಿ ಖಚಿತಪಡಿಸಿಕೋ. ಇಬ್ಬರೂ ಇರುವಾಗಲೇ ಈ ಕೆಲಸ ಮಾಡುತ್ತಿರುವುದು ನಿನ್ನ ಪುಣ್ಯ: ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಚರ್ಚಿನ ಹಿರಿಯ ಗುರುವಾಗಿ, ಕಾರ್ಡಿನಲ್ ಆಗಿ ಮೆರೆದ ಜಾನ್ ಹೆನ್ರಿ ನ್ಯೂಮನ್ 1890ರಲ್ಲಿ ತೀರಿದ ಮರುವರ್ಷವೇ, ಕ್ರೈಸ್ತ ಮತದ ಕಟ್ಟುಪಾಡುಗಳನ್ನೆಲ್ಲ ಬಿಟ್ಟಿದ್ದ ತಮ್ಮ ಫ್ರಾನ್ಸಿಸ್ ಅವನ ಮೇಲೆ ಬಿರುಸಾದ ಪುಸ್ತಕವೊಂದನ್ನು ತಂದ, ಉತ್ತರ ಕೊಡಲು ಅಣ್ಣನಿರಲಿಲ್ಲ.

ಮಾತನ್ನು ಅರ್ಧಕ್ಕೆ ಕತ್ತರಿಸುವ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ನಿಮ್ಮ ಜಿಲ್ಲೆಯವರೇ ಆದ ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡಿಗೆ ಬಲಿಯಾದ ಮೇಲೆ, ನಂಬಿಕೆಯ ಬಗ್ಗೆ ಒಬ್ಬರು ಆಡಿದ ಮಾತಿನ ತುದಿಯನ್ನಷ್ಟೇ ತಲೆಬರಹಕ್ಕೆ ಏರಿಸುವುದನ್ನು ನಾನು ಡೆಸ್ಕಿನ ಸಣ್ಣ ತಪ್ಪು ಎನ್ನಲಾರೆ. ತಮ್ಮನವರ ಹೇಳಿಕೆಗಳಲ್ಲಿ ಹರಿತವಾದವನ್ನು ಪೂರ್ತಿ ಪ್ಯಾರಾ ಸಹಿತ ಹಾಕು, ತಲೆಬರಹವನ್ನು ನೀನೇ ಬರೆದು ಕಳಿಸು, ಅದನ್ನು ಬದಲಿಸುವ ಮುನ್ನ ನಿನಗೆ ಫೋನ್ ಮಾಡಬೇಕೆಂದು ಸಂಪಾದಕರಿಗೆ ತಿಳಿಸು.

ಕಡೆಯದಾಗಿ ಅಕ್ಕನವರ ಕುರಿತು. ನಿನ್ನ ಪಟ್ಟಿಯಲ್ಲಿ ತಮ್ಮನಿಗೆ ಇಪ್ಪತ್ತಾರು ಪ್ರಶ್ನೆಗಳಿವೆ, ಅವರಿಗೆ ಹದಿನಾಲ್ಕು, ಮತ್ತು ಆ ಹದಿನಾಲ್ಕರಲ್ಲಿ ಒಂಬತ್ತು ತಮ್ಮನ ಬಗ್ಗೆಯೇ. ನಂಬಿಕೆ ಎಂದರೆ ವಿವರಣೆ ಬೇಡದ ಸಹಜಸ್ಥಿತಿ, ನಂಬದಿರುವುದಕ್ಕೆ ಮಾತ್ರ ಕಾರಣ ಬೇಕು ಎಂದು ನಿನಗೇ ಗೊತ್ತಿಲ್ಲದೆ ಎಣಿಸಿದಂತಿದೆ. ನಮ್ಮ ಮನೆಗಳಲ್ಲಿ ಜಗಲಿ ಸಾರಿಸುವುದು, ದೀಪ ಹಚ್ಚುವುದು, ಶ್ರಾವಣ ಸೋಮವಾರದ ಉಪವಾಸ, ಎಲ್ಲ ಹುಡುಗಿಯ ಪಾಲಿಗೆ ಬರುತ್ತವೆ; ಅಷ್ಟು ಹೊತ್ತು ಹುಡುಗ ಅಂಗಳದಲ್ಲಿ ಓದುತ್ತಿರುತ್ತಾನೆ. ದೇವರನ್ನು ಬಿಡುವ ಅವಕಾಶ ಅಕ್ಕನವರಿಗೆ ಎಂದಾದರೂ ಇತ್ತೇ, ಇದ್ದೂ ಅವರು ಹಿಡಿದುಕೊಂಡರೇ, ಎಂದು ಕೇಳು. ಮೆಲ್ಲಗೆ ಕೇಳು, ಆದರೆ ಕೇಳದೆ ಬರಬೇಡ.

ಪಟ್ಟಿಯನ್ನು ತಿದ್ದಿ ಇದರ ಜೊತೆಗೆ ಮರಳಿ ಕಳಿಸಿದ್ದೇನೆ. ಹದಿನೆಂಟನ್ನು ಹೊಡೆದುಹಾಕಿದ್ದೇನೆ. ಮೂವತ್ತೊಂದನೆಯದು, ‘ನಿಮ್ಮ ಅವ್ವ ಕೊನೆಗಾಲದಲ್ಲಿ ಯಾರ ಮನೆಯಲ್ಲಿದ್ದರು?’ ಎಂಬುದನ್ನು, ಮುಟ್ಟಿಲ್ಲ. ಅದನ್ನು ಮೊದಲನೆಯದಾಗಿ ಮಾಡಿಕೋ, ಇಬ್ಬರಿಗೂ ಕೇಳು, ಕೇಳಿದ ಮೇಲೆ ಅವರು ಸುಮ್ಮನಾದರೆ ನೀನೂ ಸುಮ್ಮನೆ ಕೂಡು.

ಇಂತಿ,
ನಿನ್ನ ಕಾಕಾ