ಸೇವೆಗೂ ಅಂಕ ಇರಲಿ

ಸಂಪಾದಕರೇ,

ಕ್ರೈಸ್ತ ನರ್ಸಿಂಗ್ ಕಾಲೇಜುಗಳು ಸೇವೆಯೇ ತಮ್ಮ ಗುರಿ ಎನ್ನುತ್ತವೆ. ಆದರೆ ಎಷ್ಟೋ ಕಡೆ ಆ ಮಾತು ಗೋಡೆ ಬರಹವಾಗಿಯೇ ಉಳಿದಿದೆ.

1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೊಡೋರ್ ಫ್ಲೀಡ್ನರ್ ದಂಪತಿ ಶುರುಮಾಡಿದ ಸಂಸ್ಥೆಯಲ್ಲಿ ಆರೈಕೆಯ ಕೆಲಸ, ನಂಬಿಕೆ ಎರಡನ್ನೂ ಒಟ್ಟಿಗೇ ಕಲಿಸುತ್ತಿದ್ದರು. 1851ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ತರಬೇತಿ ಪಡೆದದ್ದೂ ಅಲ್ಲಿಯೇ. ರೋಗಿ ದೇವರ ಸೃಷ್ಟಿ, ಅವರ ಧರ್ಮ, ದುಡ್ಡು ನೋಡದೆ ಗೌರವದಿಂದ ಆರೈಕೆ ಮಾಡಬೇಕು ಎಂಬುದೇ ಈ ಶಿಕ್ಷಣದ ತಿರುಳು. ಬೈಬಲಿನಲ್ಲಿ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯೂ ಅದೇ ಅಲ್ವಾ? ದಾರಿಯಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅಪರಿಚಿತನ ಗಾಯಕ್ಕೆ ಅವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಉಪದೇಶ ಮಾಡುತ್ತಾ ಕೂರಲಿಲ್ಲ.

ಮೈ ಒರೆಸುವಾಗ ಪರದೆ ಎಳೆಯುವುದು, ಸೂಜಿ ಚುಚ್ಚುವ ಮೊದಲು ಒಂದು ಮಾತು ಹೇಳುವುದು, ಕೊನೆಗಾಲದಲ್ಲಿರುವವರ ಕೈ ಹಿಡಿದು ಕೂರುವುದು. ಇವೆಲ್ಲ ಸುಮ್ನೆ ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದರೆ ಬರುವುದಿಲ್ಲ. ವಾರ್ಡಿನಲ್ಲಿ ಹಿರಿಯ ನರ್ಸ್ ಮಾಡಿ ತೋರಿಸಬೇಕು.

ಹಾಗಾಗಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಇವಕ್ಕೂ ಅಂಕ ಇಡಲಿ. ರೋಗಿ ತಾನಾಗಿಯೇ ಕೇಳದ ಹೊರತು ಹಾಸಿಗೆ ಪಕ್ಕ ಧರ್ಮದ ಮಾತು ಬೇಡ ಎಂಬುದನ್ನೂ ಮೊದಲ ವರ್ಷವೇ ಕಲಿಸಲಿ.

– ಒಬ್ಬ ಓದುಗ