ನಮ್ಮ ಸ್ವರಾಜ್‌ನ ಸಾಲ ತೀರಿತು

ಹೋದ ತಿಂಗಳು ನಮ್ಮ ಸ್ವರಾಜ್ ಟ್ರ್ಯಾಕ್ಟರ್ ಸಾಲದ ಕೊನೆಯ ಕಂತು ಕಟ್ಟಿದೆ. ಈ ವಾರ ಪಹಣಿ ತೆಗೆಸಿದರೆ 11ನೇ ಕಾಲಂನಲ್ಲಿದ್ದ ಸಾಲದ ಬೋಜಾ ಇಳಿದಿದೆ. ಕಾಗದ ಅವ್ವನ ಕೈಗೆ ಕೊಟ್ಟೆ. ಆಕೆಗೆ ಓದೋಕೆ ಬರಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು, ದೇವರ ಜಗಲಿ ಮೇಲೆ ಇಟ್ಟಳು.

2023ರ ಬರ ಯಾರೂ ಮರೆತಿಲ್ಲ. ನಮ್ಮ ಗೋವಿನಜೋಳ ಮೊಣಕಾಲೆತ್ತರಕ್ಕೇ ಒಣಗಿತು. ಬಾಡಿಗೆ ಹೊಡೆದು ಕಂತು ಕಟ್ಟೋಣ ಅಂದರೆ ಬಿತ್ತುವವರೇ ಇಲ್ಲ. ಅದೇ ವರ್ಷ ರೇಡಿಯೇಟರ್‌ನಲ್ಲಿ ನೀರು ನೋಡದೆ ಹೊಡೆದೆ, ಇಂಜಿನ್ ಕಾದು ಸೀಜ್ ಆಯಿತು, ತಿರುಗಲೇ ಇಲ್ಲ. ತಪ್ಪು ನನ್ನದೇ.

ಮಿಸ್ತ್ರಿ ಕಾಕಾ ನಮ್ಮ ಬೇವಿನ ಮರದ ಕೆಳಗೇ ಇಂಜಿನ್ ಇಳಿಸಿದರು. ಗೋಣಿಚೀಲ ಹಾಸಿ, ನಟ್ಟು ಬೋಲ್ಟುಗಳನ್ನು ಬಿಚ್ಚಿದ ಸಾಲಿನಲ್ಲೇ ಇಟ್ಟರು. ಪಿಸ್ಟನ್‌ಗಳನ್ನು ಡೀಸೆಲ್‌ನಲ್ಲಿ ತೊಳೆದರು. ಪಿಸ್ಟನ್ ಓಡಾಡುವ ಲೈನರ್ ಒಳಗೆ ಉಗುರು ಸವರಿ, "ಇಲ್ಲಿ ನೋಡು ತಮ್ಮಾ, ಗೆರೆ ಸಿಗ್ತೈತಿ" ಅಂತ ನನ್ನ ಬೆರಳನ್ನೂ ಎಳೆದು ಇಟ್ಟರು. ನಾಲ್ಕು ದಿನ ದುಡಿದರು. ಕೂಲಿ ಎಷ್ಟು ಅಂದರೆ, "ಮಳಿ ಬರಲಿ, ಆಮೇಲೆ ನೋಡೋಣು" ಅಂದರು. ಸಾಮಾನು ತರೋಕೆ ಅಕ್ಕ ಕೈಬಳೆ ಒತ್ತೆ ಇಟ್ಟಳು. ಎದುರುಮನೆ ಅಣ್ಣಾರು ಕಡಲೆ ಬಿತ್ತೋಕೆ ತಮ್ಮ ಎತ್ತು ಹೂಡಿಕೊಟ್ಟರು. ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಇನ್ನೂ ಕೆಲವರಿಗೆ ಕೈ ಮುಗಿಯಬೇಕು. ಅವರಿಗೆ ನಾನು ಯಾರಂತ ಗೊತ್ತಿಲ್ಲ. ಆ ದಿನ ಕಾಕಾ ಹೇಳಿದ್ದರು, "ಇದು ನಮ್ಮೋರೇ ಬರೆದ ನಕ್ಷೆ, ಅದಕ್ಕೇ ನಮ್ಮ ಕೈಗೆ ಬಗ್ಗತೈತಿ." ಮನಸ್ಸಿನಲ್ಲೇ ಉಳೀತು. ಆಮೇಲೆ ಓದಿ ತಿಳಿದುಕೊಂಡೆ.

1960ರ ದಶಕದಲ್ಲಿ ನಮ್ಮ ದೇಶದ ಟ್ರ್ಯಾಕ್ಟರ್ ಕಂಪನಿಗಳೆಲ್ಲ ಹೊರದೇಶದ ನಕ್ಷೆ ಇಟ್ಟುಕೊಂಡೇ ಶುರುವಾದವು. ಆಗ ಪಶ್ಚಿಮ ಬಂಗಾಳದ ದುರ್ಗಾಪುರದಲ್ಲಿ, ಸಿಎಂಇಆರ್‌ಐ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ, ಒಂದು ತಂಡ ಇಲ್ಲಿಯದೇ ಟ್ರ್ಯಾಕ್ಟರ್ ಮಾಡಲು ಕೂತಿತು. ಸಂಸ್ಥೆಯ ಮುಖ್ಯಸ್ಥರು ಎಂ. ಎಂ. ಸೂರಿ. ತಂಡದಲ್ಲಿ ಮುಂದೆ ನಿಂತವರು ಚಂದ್ರಮೋಹನ್. ಗಾಡಿ ಸಿದ್ಧವಾಯಿತು, ಆದರೆ ತಯಾರಿಸುವವರು ಬೇಕಲ್ವಾ? ಅದೇ ಹೊತ್ತಿಗೆ ಸರ್ಕಾರದ್ದೇ ಕಂಪನಿಯಾದ ಎಚ್‌ಎಂಟಿ, ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ಟ್ರ್ಯಾಕ್ಟರ್ ಮಾದರಿ ಮಾಡೋಕೆ ಹೊರಟಿತ್ತು. ಕೊನೆಗೆ ಪಂಜಾಬ್ ಸರ್ಕಾರ ಕೈ ಹಿಡಿಯಿತು. 1970ರಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಹುಟ್ಟಿತು. ಚಂದ್ರಮೋಹನ್ ಮತ್ತು ಜೊತೆಗಾರರು ಪಂಜಾಬಿಗೆ ಹೋದರು. 1974ರಲ್ಲಿ ಮೊಹಾಲಿಯಿಂದ ಸ್ವರಾಜ್ 724 ಹೊರಬಂತು. ಮರುವರ್ಷ 735. ನಮ್ಮ ಮನೆ ಮುಂದಿರುವುದು ಅದೇ 735ರ ಪೀಳಿಗೆ. 2007ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು, ಹೆಸರು ಮಾತ್ರ ಸ್ವರಾಜ್ ಅಂತಲೇ ಉಳಿದಿದೆ. ನನಗೆ ಅದು ಬಹಳ ಸಮಾಧಾನ.

ಒಪ್ಪುವವರು ಸಿಗುತ್ತಾರೋ ಇಲ್ಲವೋ ಗೊತ್ತಿಲ್ಲದೆ ವರ್ಷಗಟ್ಟಲೆ ನಕ್ಷೆ ಬರೆದರಲ್ಲ, ಆ ದುರ್ಗಾಪುರದವರಿಗೆ ಹಾವೇರಿಯ ಎರಿ ಹೊಲದಿಂದ ನನ್ನ ನಮಸ್ಕಾರ.

ಬರುವ ಅಮಾವಾಸ್ಯೆಗೆ ಟ್ರ್ಯಾಕ್ಟರ್ ಪೂಜೆ ಇಟ್ಟುಕೊಂಡಿದ್ದೇವೆ. ಮಿಸ್ತ್ರಿ ಕಾಕಾ ಅವರೇ ಕಾಯಿ ಒಡೆಯುತ್ತಾರೆ. ಗೋಧಿ ಹುಗ್ಗಿ ಇರುತ್ತದೆ, ಎಲ್ಲರೂ ಬನ್ನಿ. ಅಕ್ಕನ ಬಳೆ ಬಿಡಿಸಿ ತಂದಿದ್ದೇನೆ, ಅವತ್ತು ಹಾಕಿಕೊಂಡೇ ಬಡಿಸುತ್ತಾಳೆ.