‘ಕೋರ್ಟ್ ಹೇಳಿದೆ’ ಎಂದರೆ ಯಾವ ಪೀಠ, ಯಾವ ಆದೇಶ?

ಮಾನ್ಯ ಸಂಪಾದಕರೇ,

ಪೇಪರ್ ಕಟಿಂಗ್ ಹಿಡಿದು ವಕೀಲರ ಬಳಿ ಬರುವ ಕಕ್ಷಿದಾರರು ಬಹಳ. ‘ಕೋರ್ಟೇ ಹೇಳಿದೆಯಲ್ಲ, ನಮ್ಮ ಕೇಸಿಗೂ ಇದನ್ನೇ ಹಾಕಿ’ ಎನ್ನುತ್ತಾರೆ. ಅವರ ನಂಬಿಕೆಗೆ ಬುಡವಿಲ್ಲವೆಂದಲ್ಲ. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧ. ಹೈಕೋರ್ಟ್ ತೀರ್ಮಾನಿಸಿದ್ದನ್ನು ಆ ರಾಜ್ಯದ ಕೆಳ ನ್ಯಾಯಾಲಯಗಳು ಪಾಲಿಸಲೇಬೇಕು. ಬೇರೆ ರಾಜ್ಯದ ಹೈಕೋರ್ಟ್ ತೀರ್ಪಾದರೆ ಇಲ್ಲಿ ಅದು ಮನವೊಲಿಸಲು ಮಾತ್ರ ಬರುತ್ತದೆ. ಪೂರ್ವನಿದರ್ಶನ ಎಂದರೆ ಇದೇ. ಆದರೆ ತೀರ್ಪಿನಲ್ಲಿರುವ ಎಲ್ಲ ಮಾತೂ ಪೂರ್ವನಿದರ್ಶನವಲ್ಲ. ಸುದ್ದಿಗಳಲ್ಲಿ ಈ ವ್ಯತ್ಯಾಸವೇ ಅಳಿಸಿಹೋಗುತ್ತಿದೆ ಎಂಬುದು ನನ್ನ ತಕರಾರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯದಲ್ಲಿ ತಂದೆ ಬರೆದದ್ದೆನ್ನಲಾದ ಉಯಿಲನ್ನು ಒಬ್ಬ ಹಾಜರುಪಡಿಸುತ್ತಾನೆ. ಉಯಿಲಿಗೆ ಸಹಿ ಹಾಕಿದ ಸಾಕ್ಷಿಗಳು ಬದುಕಿದ್ದರೂ ಒಬ್ಬರನ್ನೂ ವಿಚಾರಣೆಗೆ ಕರೆಸಿಲ್ಲ. ಆದ್ದರಿಂದ ಉಯಿಲು ಸಾಬೀತಾಗಿಲ್ಲ ಎಂದು ಕೋರ್ಟ್ ತೀರ್ಮಾನಿಸುತ್ತದೆ. ನಡುವೆ ನ್ಯಾಯಮೂರ್ತಿಗಳು ‘ಹೆತ್ತವರನ್ನು ನೋಡಿಕೊಳ್ಳದವರಿಗೆ ಆಸ್ತಿ ಕೇಳುವ ನೈತಿಕ ಹಕ್ಕೆಲ್ಲಿದೆ’ ಎಂದೂ ಬರೆದಿರುತ್ತಾರೆ. ಮರುದಿನದ ಶೀರ್ಷಿಕೆ ಎರಡನೆಯ ಮಾತಿನದ್ದೇ. ಈಗ ಆ ವಾಕ್ಯವನ್ನು ತೀರ್ಪಿನಿಂದ ತೆಗೆದು ನೋಡಿ: ಫಲಿತಾಂಶ ಹಾಗೇ ನಿಲ್ಲುತ್ತದೆ. ಸಾಕ್ಷಿಯ ಕುರಿತ ಕಾರಣವನ್ನು ತೆಗೆದರೆ ತೀರ್ಪೇ ಕುಸಿಯುತ್ತದೆ. ಹೀಗೆ ತೀರ್ಪನ್ನು ಹೊತ್ತು ನಿಂತ ಕಾರಣಕ್ಕೆ ವಕೀಲರು ‘ರೇಷಿಯೊ’ ಎನ್ನುತ್ತಾರೆ. ಮುಂದಿನ ಕೇಸುಗಳನ್ನು ಕಟ್ಟಿಹಾಕುವುದು ಅದು. ಉಳಿದದ್ದು ‘ಒಬಿಟರ್’, ಪ್ರಾಸಂಗಿಕವಾಗಿ ಬಂದ ಮಾತು. ಸುಪ್ರೀಂ ಕೋರ್ಟಿನ ಒಬಿಟರ್‌ಗೆ ತೂಕವಿದೆ, ನಿಜ. ಆದರೂ ಅದು ರೇಷಿಯೊ ಆಗುವುದಿಲ್ಲ. ಇನ್ನು ‘ದಾವೆ ವಜಾ’, ‘ಇಷ್ಟು ಹಣ ಕೊಡತಕ್ಕದ್ದು’ ಎಂಬ ಕೊನೆಯ ಆದೇಶ ಆ ಕೇಸಿನ ಕಕ್ಷಿದಾರರಿಗಷ್ಟೇ ಅನ್ವಯ.

ವಿಚಾರಣೆಯ ವೇಳೆ ಬಾಯಲ್ಲಿ ಬಂದ ಮಾತಿಗಂತೂ ಆ ಸ್ಥಾನವೂ ಇಲ್ಲ. 2021ರಲ್ಲಿ ಚುನಾವಣಾ ಆಯೋಗದ ಬಗ್ಗೆ ಮದ್ರಾಸ್ ಹೈಕೋರ್ಟ್ ಆಡಿದ ಕಟು ಮಾತು ದೇಶವೆಲ್ಲ ಸುದ್ದಿಯಾಯಿತು. ಅದನ್ನು ಕಡತದಿಂದ ತೆಗೆಸಿ ಎಂದು ಆಯೋಗ ಸುಪ್ರೀಂ ಕೋರ್ಟಿಗೆ ಹೋದಾಗ ಸಿಕ್ಕ ಉತ್ತರ: ಮೌಖಿಕ ಮಾತು ನ್ಯಾಯಾಂಗದ ಕಡತದಲ್ಲೇ ಇಲ್ಲ, ತೆಗೆಯುವ ಪ್ರಶ್ನೆ ಎಲ್ಲಿಂದ ಬಂತು?

ಪೀಠದ ಗಾತ್ರ ಬರೆಯದಿದ್ದರೆ ಆಗುವ ಅನಾಹುತಕ್ಕೆ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಿಂತ ಬೇರೆ ಸಾಕ್ಷಿ ಬೇಡ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಮತ್ತು ಮಗಳು ಇಬ್ಬರೂ ಜೀವಂತ ಇರಬೇಕು ಎಂದು ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟದ್ದೂ ಇಬ್ಬರ ಪೀಠವೇ. ಎರಡೂ ಕರ್ನಾಟಕದಿಂದ ಹೋದ ಕೇಸುಗಳು, ಎರಡೂ ಸಮಬಲದ ಪೀಠಗಳು. ಕೆಳ ನ್ಯಾಯಾಲಯ ಯಾವುದನ್ನು ಹಿಡಿಯಬೇಕು? ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಗೊಂದಲ ಬಿಡಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿಲ್ಲ. ಫೂಲವತಿ ತೀರ್ಪು ರದ್ದಾಯಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗಗಳನ್ನು ಮಾತ್ರ ಕದಲಿಸುವಂತಿಲ್ಲ. 2016ರ ಕಟಿಂಗ್ ನಂಬಿ ‘ನಮಗೆ ಹಕ್ಕಿಲ್ಲ’ ಎಂದು ಸುಮ್ಮನಾದ ಹೆಣ್ಣುಮಗಳಿಗೆ ಅದು ಇಬ್ಬರ ಪೀಠದ ಮಾತು, ದೊಡ್ಡ ಪೀಠ ಬದಲಿಸಬಹುದು ಎಂದು ಯಾರು ತಿಳಿಸಿದ್ದರು? ಚಿಕ್ಕ ಪೀಠಕ್ಕೆ ದೊಡ್ಡ ಪೀಠದ ತೀರ್ಪನ್ನು ಮೀರುವ ಅಧಿಕಾರವಿಲ್ಲ. ಒಪ್ಪಿಗೆಯಾಗದಿದ್ದರೆ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಬಹುದು, ಅಷ್ಟೇ.

ಅತಿ ಹೆಚ್ಚು ದಾರಿ ತಪ್ಪಿಸುವ ಶೀರ್ಷಿಕೆ ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್’. ಒಳಗೆ ಓದಿದರೆ ವಿಶೇಷ ಮೇಲ್ಮನವಿ ಅರ್ಜಿ ಒಂದೇ ಸಾಲಿನಲ್ಲಿ ವಜಾ ಆಗಿರುತ್ತದೆ, ಕಾರಣ ಕೊಟ್ಟಿರುವುದಿಲ್ಲ. ಹಾಗೆಂದರೆ ಮೇಲ್ಮನವಿಗೆ ಅನುಮತಿ ಸಿಗಲಿಲ್ಲ ಎಂದಷ್ಟೇ ಅರ್ಥ. ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಾಗಿಬಿಡುವುದಿಲ್ಲ, 141ನೇ ವಿಧಿಯಡಿ ಯಾವ ಕಾನೂನೂ ಸಾರಿದಂತಾಗುವುದಿಲ್ಲ. ಕುಂಞಹಮ್ಮದ್ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿದೆ. ನಮ್ಮದೇ ರಾಜ್ಯದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಕಕ್ಷಿದಾರನಾಗಿದ್ದ ಪ್ರಕರಣದಲ್ಲಿ 2019ರಲ್ಲಿ ಮತ್ತೆ ಅದನ್ನೇ ಹೇಳಿದೆ. ಮಧ್ಯಂತರ ತಡೆಯಾಜ್ಞೆ ಮತ್ತು ಪೂರ್ಣ ನ್ಯಾಯ ಒದಗಿಸಲು ಸುಪ್ರೀಂ ಕೋರ್ಟಿಗೆ ವಿಶೇಷ ಅಧಿಕಾರ ಕೊಡುವ 142ನೇ ವಿಧಿಯಡಿ ಒಂದು ಕೇಸಿಗೆಂದೇ ಕೊಟ್ಟ ಪರಿಹಾರವನ್ನೂ ಸಾಮಾನ್ಯ ನಿಯಮದಂತೆ ಬರೆಯಬಾರದು.

ಪ್ರತಿ ತೀರ್ಪಿನ ಸುದ್ದಿಯ ಕೊನೆಗೆ ಎರಡೇ ಸಾಲು ಸೇರಿಸಿ ಎಂದು ಕೋರುತ್ತೇನೆ. ಯಾವ ನ್ಯಾಯಾಲಯ, ಎಷ್ಟು ನ್ಯಾಯಮೂರ್ತಿಗಳ ಪೀಠ, ದಿನಾಂಕ, ಪ್ರಕರಣದ ಸಂಖ್ಯೆ, ಅಂತಿಮವೋ ಮಧ್ಯಂತರವೋ. ಈಗ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಿಗೆ ಇಸವಿ, ‘ಐಎನ್‌ಎಸ್‌ಸಿ’ ಮತ್ತು ಕ್ರಮಸಂಖ್ಯೆ ಇರುವ ತಟಸ್ಥ ಉಲ್ಲೇಖ ಸಂಖ್ಯೆ ಕೊಡುತ್ತದೆ. ಕರ್ನಾಟಕ ಹೈಕೋರ್ಟ್ ‘ಕೆಎಚ್‌ಸಿ’ ಎಂದು ಹಾಕುತ್ತದೆ. ಧಾರವಾಡ ಪೀಠದ್ದಾದರೆ ಜೊತೆಗೆ ‘ಡಿ’, ಕಲಬುರಗಿಯದ್ದಾದರೆ ‘ಕೆ’. ಆ ಸಂಖ್ಯೆ ಅಚ್ಚಾದರೆ ಓದುಗರು ನ್ಯಾಯಾಲಯದ ಜಾಲತಾಣದಲ್ಲೇ ಪೂರ್ತಿ ತೀರ್ಪನ್ನು ಹಣ ಕೊಡದೆ ತೆಗೆದು ನೋಡಬಹುದು. ವಿಚಾರಣೆಯ ವೇಳೆಯ ಮಾತಾಗಿದ್ದರೆ ‘ಮೌಖಿಕ’ ಎಂಬ ಪದ ಶೀರ್ಷಿಕೆಯಲ್ಲೇ ಇರಲಿ, ಏಳನೇ ಪ್ಯಾರಾದಲ್ಲಲ್ಲ.

ಇತಿ,
ಸಿವಿಲ್ ವ್ಯಾಜ್ಯಗಳ ವಕೀಲ